ನೋಂದಣಿಯಾಗದ ಉಯಿಲು, ಎಕ್ಸಿಕ್ಯೂಟರ್ ಹೆಸರಿಲ್ಲ: ಪ್ರೊಬೇಟ್ ಬೇಕಾ, ಪೌತಿ ಖಾತೆ ಸಾಕಾ?

ಕಾವೇರಿತೀರ:

ವಿವರ ಮೊದಲೇ ಪೂರ್ತಿ ಹಾಕಿಬಿಡುತ್ತೇನೆ, "ಇನ್ನಷ್ಟು ಮಾಹಿತಿ ಕೊಡಿ" ಅನ್ನುವ ಒಂದು ಸುತ್ತು ತಪ್ಪಲಿ.

ತೀರಿಕೊಂಡವರು ಮೈಸೂರಿನ ನಿವೃತ್ತ ನೌಕರರು, ಹಿಂದೂ, 79 ವರ್ಷ. ನಾಲ್ಕು ತಿಂಗಳಾಯಿತು. ಹೆಂಡತಿ ಇದ್ದಾರೆ. ಮಕ್ಕಳಿಬ್ಬರು: ಮಗ ಮೈಸೂರಿನಲ್ಲಿ, ಮಗಳು ಅಮೆರಿಕದಲ್ಲಿ. ಈ ಹಿರಿಯರ ತಾಯಿ ಹಿಂದೆಯೇ ತೀರಿಕೊಂಡಿದ್ದಾರೆ.

ಆಸ್ತಿ: 1991ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ನಿವೇಶನ, ಅದರಲ್ಲಿ ಸಂಬಳದ ದುಡ್ಡಿನಿಂದ ಕಟ್ಟಿದ ಮನೆ. ಮದ್ದೂರು ತಾಲ್ಲೂಕಿನಲ್ಲಿ 2 ಎಕರೆ 10 ಗುಂಟೆ. 1984ರಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಬಂದ ಅಜ್ಜನ ಕಾಲದ ಜಮೀನು, ಪಹಣಿ ಇವರೊಬ್ಬರ ಹೆಸರಿನಲ್ಲಿದೆ. ಸರ್ಕಾರಿ ಬ್ಯಾಂಕಿನಲ್ಲಿ ಎರಡು ಎಫ್‌ಡಿ: 6 ಲಕ್ಷದ್ದಕ್ಕೆ ಹೆಂಡತಿ ನಾಮಿನಿ, 11 ಲಕ್ಷದ್ದಕ್ಕೆ ನಾಮಿನಿ ಇಲ್ಲ. ಒಂದು ಪತ್ತಿನ ಸಹಕಾರ ಸಂಘದಲ್ಲಿ 4 ಲಕ್ಷ ಠೇವಣಿ, ನಾಮಿನಿ ಇಲ್ಲ.

ಉಯಿಲು: 2016ರದು, ಮೂರು ಪುಟ, ಟೈಪ್ ಮಾಡಿಸಿದ್ದು, ನೋಂದಣಿಯಾಗಿಲ್ಲ. ಸಹಿ ಕೊನೆಯ ಪುಟದಲ್ಲಿ ಮಾತ್ರ. ಸಾಕ್ಷಿಗಳಿಬ್ಬರಲ್ಲಿ ಒಬ್ಬರು ಈಗಿಲ್ಲ, ಇನ್ನೊಬ್ಬರಿಗೆ 76. ಮನೆ ಹೆಂಡತಿಗೆ ಬದುಕಿರುವವರೆಗೆ, ಆಮೇಲೆ ಮಗನಿಗೆ. ಜಮೀನು ಪೂರ್ತಿ ಮಗನಿಗೆ. ಠೇವಣಿಗಳೆಲ್ಲ ಮಗಳಿಗೆ. "ಉಳಿದದ್ದೆಲ್ಲ" ಮಗನಿಗೆ. ಎಕ್ಸಿಕ್ಯೂಟರ್ (ಉಯಿಲನ್ನು ಜಾರಿಗೆ ತರುವವರು) ಎಂದು ಯಾರನ್ನೂ ಹೆಸರಿಸಿಲ್ಲ. ಎರಡನೇ ಪುಟದಲ್ಲಿ ಒಂದು ಎಫ್‌ಡಿ ನಂಬರನ್ನು ಪೆನ್ನಿನಿಂದ ಹೊಡೆದು ಬೇರೆ ನಂಬರು ಬರೆದು ಪಕ್ಕದಲ್ಲಿ ಅವರೇ ಚಿಕ್ಕ ಸಹಿ ಹಾಕಿದ್ದಾರೆ.

ಬ್ಯಾಂಕಿನವರು "ಪ್ರೊಬೇಟ್ ತನ್ನಿ" (ಉಯಿಲು ಅಸಲಿ ಅನ್ನುವ ಕೋರ್ಟಿನ ದೃಢೀಕರಣ) ಅನ್ನುತ್ತಾರೆ, ಪಾಲಿಕೆಯವರು "ಎಲ್ಲ ವಾರಸುದಾರರ ಒಪ್ಪಿಗೆ ಪತ್ರ ತನ್ನಿ" ಅನ್ನುತ್ತಾರೆ, ನಾಡಕಚೇರಿಯವರು "ಮೊದಲು ವಂಶವೃಕ್ಷ" ಅನ್ನುತ್ತಾರೆ. ಸದ್ಯಕ್ಕೆ ಮನೆಯೊಳಗೆ ಜಗಳ ಇಲ್ಲ. ಎಲ್ಲಿಂದ ಶುರು ಮಾಡಬೇಕು?

---

ಹಳೇಫೈಲು:

ಮೂರು ಕಡೆಯವರು ಮೂರು ಹೇಳುತ್ತಿರುವುದಕ್ಕೆ ಕಾರಣ ಇದೆ. ಸತ್ತವರ ಆಸ್ತಿಯನ್ನೆಲ್ಲ ಒಂದೇ ಏಟಿಗೆ ವರ್ಗಾಯಿಸುವ ಒಂದು ಕಾಗದ ನಮ್ಮಲ್ಲಿ ಇಲ್ಲ. ಮನೆಗೆ ಒಂದು ದಾರಿ, ಜಮೀನಿಗೆ ಒಂದು, ಠೇವಣಿಗೆ ಇನ್ನೊಂದು. ಪ್ರೊಬೇಟ್ ಸಿಕ್ಕರೂ ಇವೆಲ್ಲ ತಾನಾಗಿ ಆಗುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ: ಕರ್ನಾಟಕದಲ್ಲಿರುವ ಹಿಂದೂ ಬರೆದ, ಕರ್ನಾಟಕದ ಆಸ್ತಿಯ ಉಯಿಲಿಗೆ ಪ್ರೊಬೇಟ್ ಕಡ್ಡಾಯ ಅಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 57 ಮತ್ತು 213ನೇ ಕಲಂ ಸೇರಿ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯ ಮಾಡಿದ್ದು ಹಳೇ ಬಂಗಾಳ ಪ್ರಾಂತ್ಯಕ್ಕೆ, ಮತ್ತು ಮದ್ರಾಸ್, ಬಾಂಬೆ ಹೈಕೋರ್ಟುಗಳ ಮೂಲ ವ್ಯಾಪ್ತಿಯ ಊರುಗಳಿಗೆ. ಮೈಸೂರು ಅದರಲ್ಲಿ ಎಂದೂ ಇರಲಿಲ್ಲ, ಆ 213ನೇ ಕಲಂ ಕೂಡ 2025ರಲ್ಲಿ ರದ್ದಾಯಿತು. ಬ್ಯಾಂಕಿನ ಮುದ್ರಿತ ಫಾರಂನಲ್ಲಿ ಆ ಪದ ಇರುತ್ತದೆ, ಕೌಂಟರಿನವರು ಅದನ್ನೇ ಓದಿ ಹೇಳುತ್ತಾರೆ.

ಎರಡನೆಯದು: ನಿಮಗೆ ಬೇಕೆಂದರೂ "ಪ್ರೊಬೇಟ್" ಸಿಗುವುದಿಲ್ಲ. ಅದನ್ನು ಕೊಡುವುದು ಉಯಿಲಿನಲ್ಲಿ ನೇಮಿಸಿದ ಎಕ್ಸಿಕ್ಯೂಟರಿಗೆ ಮಾತ್ರ, 222ನೇ ಕಲಂ. ಇಲ್ಲಿ ಯಾರನ್ನೂ ನೇಮಿಸಿಲ್ಲ. ಹಾಗಾಗಿ ಕೇಳಬೇಕಾದದ್ದು ಉಯಿಲು ಲಗತ್ತಿಸಿದ ಆಡಳಿತ ಪತ್ರ, ಅಂದರೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. "ಉಳಿದದ್ದೆಲ್ಲ" ಪಡೆಯುವವರು ಮಗ ಆದ್ದರಿಂದ 232ನೇ ಕಲಂ ಪ್ರಕಾರ ಅರ್ಜಿ ಹಾಕಲು ಅವರಿಗೆ ಅರ್ಹತೆ ಇದೆ. ವ್ಯತ್ಯಾಸ ಬರೀ ಹೆಸರಿನದಲ್ಲ: ಆಡಳಿತ ಪತ್ರ ಪಡೆಯುವವರು ಕೋರ್ಟಿಗೆ ಬಾಂಡ್ ಕೊಡಬೇಕು, ಪ್ರೊಬೇಟ್ ಪಡೆಯುವ ಎಕ್ಸಿಕ್ಯೂಟರಿಗೆ ಆ ತಾಪತ್ರಯ ಇಲ್ಲ. ಉಯಿಲಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆಸಿದ್ದರೆ ಇದು ತಪ್ಪುತ್ತಿತ್ತು.

ಕಡ್ಡಾಯ ಇಲ್ಲದಿದ್ದರೂ ನಿಮ್ಮ ಪ್ರಕರಣದಲ್ಲಿ ಆಡಳಿತ ಪತ್ರಕ್ಕೆ ಅರ್ಜಿ ಹಾಕಿಬಿಡಿ ಅಂತಲೇ ನನ್ನ ಅಭಿಪ್ರಾಯ. ಕಾರಣ ಆ 76 ವರ್ಷದ ಸಾಕ್ಷಿ. ಉಯಿಲು ರುಜುವಾತು ಮಾಡಬೇಕಾದರೆ ಬದುಕಿರುವ ಒಬ್ಬ ಸಾಕ್ಷಿಯನ್ನಾದರೂ ಕೋರ್ಟಿಗೆ ಕರೆಸಲೇಬೇಕು. ಹಳೇ ಸಾಕ್ಷ್ಯ ಕಾಯಿದೆಯ 68ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 67 ಆಗಿದೆ. ಇಬ್ಬರೂ ಇಲ್ಲವಾದರೆ ಒಬ್ಬ ಸಾಕ್ಷಿಯ ಕೈಬರಹವನ್ನೂ, ಉಯಿಲು ಬರೆದವರ ಸಹಿಯನ್ನೂ ಗುರುತಿಸಬಲ್ಲವರನ್ನು ಹುಡುಕಿ ತರಬೇಕು. ಇವತ್ತು ಜಗಳ ಇಲ್ಲ ನಿಜ. ಹತ್ತು ವರ್ಷ ಬಿಟ್ಟು ಮನೆ ಮಾರುವ ಹೊತ್ತಿಗೆ ಎದ್ದರೆ, ಆಗ ಸಾಕ್ಷಿಯೂ ಇರುವುದಿಲ್ಲ.

ಅರ್ಜಿ ಹಾಕುವುದು ಜಿಲ್ಲಾ ನ್ಯಾಯಾಲಯದಲ್ಲಿ; ಬೆಂಗಳೂರಾದರೆ ಸಿಟಿ ಸಿವಿಲ್ ಕೋರ್ಟ್. ಮೂಲ ಉಯಿಲು, ಮರಣ ಪತ್ರ, ವಾರಸುದಾರರ ಪಟ್ಟಿ ವಿಳಾಸ ಸಮೇತ, ಆಸ್ತಿಯ ಮೌಲ್ಯದ ಪ್ರಮಾಣಪತ್ರ ಇಷ್ಟು ಜತೆಗಿರಬೇಕು. ಕೋರ್ಟ್ ಶುಲ್ಕ ಮೌಲ್ಯದ ಮೇಲೆ, ಅದು ಸಣ್ಣ ಮೊತ್ತವಲ್ಲ, ಮೊದಲೇ ಲೆಕ್ಕ ಹಾಕಿಸಿಕೊಳ್ಳಿ. ಅರ್ಜಿಯಲ್ಲೇ ಒಬ್ಬ ಸಾಕ್ಷಿಯ ದೃಢೀಕರಣ ಹಾಕಬಹುದು, 281ನೇ ಕಲಂ. ಆಮೇಲೆ ವಾರಸುದಾರರಿಗೆ ನೋಟಿಸು, ಪತ್ರಿಕೆಯಲ್ಲಿ ಪ್ರಕಟಣೆ. ಯಾರೂ ತಕರಾರು ತೆಗೆಯದಿದ್ದರೆ ಸಾಕ್ಷಿಯ ಹೇಳಿಕೆ, ಆದೇಶ. ಆರು ತಿಂಗಳಿಂದ ಒಂದು ವರ್ಷ ಅಂತ ಇಟ್ಟುಕೊಳ್ಳಿ. ತಕರಾರು ಬಂದರೆ ಅದೇ ಅರ್ಜಿ ಮೂಲ ದಾವೆಯ ರೂಪ ಪಡೆಯುತ್ತದೆ, ಆಗ ಲೆಕ್ಕ ವರ್ಷಗಳಲ್ಲಿ. ಸಾಕ್ಷಿಯ ಆರೋಗ್ಯ ಸರಿಯಿಲ್ಲದಿದ್ದರೆ ಅವರ ಹೇಳಿಕೆಯನ್ನು ಮುಂಚಿತವಾಗಿ ದಾಖಲಿಸಲು ಅಥವಾ ಮನೆಗೇ ಕಮಿಷನರ್ ಕಳಿಸಲು ಕೇಳಬಹುದು. ಇದನ್ನು ಮೊದಲ ದಿನವೇ ವಕೀಲರಿಗೆ ಹೇಳಿ. ಕಾಲಮಿತಿಯೂ ಇದೆ: ಕಾಲಮಿತಿ ಕಾಯಿದೆಯ 137ನೇ ವಿಧಿಯ ಮೂರು ವರ್ಷ ಇಲ್ಲಿಗೂ ಅನ್ವಯ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಆ ಮೂರು ವರ್ಷ ಎಂದಿನಿಂದ ಅನ್ನುವುದರಲ್ಲಿ ವಾದಕ್ಕೆ ಜಾಗ ಇದೆ, ಆದರೆ ಆ ವಾದ ಮಾಡುವ ಸ್ಥಿತಿ ತಂದುಕೊಳ್ಳಬೇಡಿ.

ಉಯಿಲಿನ ದೋಷಗಳು. ಸಹಿ ಕೊನೆಯ ಪುಟದಲ್ಲಿ ಮಾತ್ರ ಇರುವುದರಿಂದ ಉಯಿಲು ಬಿದ್ದುಹೋಗುವುದಿಲ್ಲ. ಪ್ರತಿ ಪುಟಕ್ಕೂ ಸಹಿ ಬೇಕೆಂದು 63ನೇ ಕಲಂ ಹೇಳಿಲ್ಲ. ಆದರೆ "ಮೊದಲೆರಡು ಪುಟ ಬದಲಾಯಿಸಿದ್ದಾರೆ" ಅನ್ನುವ ಆರೋಪಕ್ಕೆ ಬಾಗಿಲು ತೆರೆದ ಹಾಗೆ. ಪೆನ್ನಿನ ತಿದ್ದುಪಡಿಗೆ ಬೆಲೆ ಇಲ್ಲ. ಸಹಿಯಾದ ಮೇಲೆ ತಿದ್ದಿದರೆ ಆ ತಿದ್ದುಪಡಿಗೂ ಇಬ್ಬರು ಸಾಕ್ಷಿಗಳ ಸಹಿ ಬೇಕು, ಇದು 71ನೇ ಕಲಂ. ಹಳೇ ನಂಬರು ಓದಲು ಬರುತ್ತಿದ್ದರೆ ಹಳೆಯದೇ ನಿಲ್ಲುತ್ತದೆ. ಅದೃಷ್ಟಕ್ಕೆ "ಠೇವಣಿಗಳೆಲ್ಲ" ಅಂತ ಬೇರೆ ಇರುವುದರಿಂದ ನಿಮಗೆ ಅಷ್ಟು ನಷ್ಟ ಕಾಣಿಸುತ್ತಿಲ್ಲ.

ಇನ್ನೊಂದು, ಚಿಕ್ಕ ವಿಷಯ ಅನ್ನಿಸಬಹುದು. ಆ ಮೂರು ಹಾಳೆಗಳ ಪಿನ್ ಬಿಚ್ಚಬೇಡಿ, ಪಂಚ್ ಮಾಡಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಜೆರಾಕ್ಸಿಗೆ ಪಿನ್ ತೆಗೆದು ಮತ್ತೆ ಹಾಕಿದ ಎರಡು ತೂತಿನ ಗುರುತೇ ಎದುರು ವಕೀಲರಿಗೆ ಅರ್ಧ ದಿನದ ಪಾಟೀಸವಾಲು. ಸಂಶಯಾಸ್ಪದ ಸನ್ನಿವೇಶಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲು ಮುಂದಿಡುವವರದ್ದೇ. ಈ ತತ್ವಕ್ಕೆ ಇವತ್ತಿಗೂ ದೇಶವಿಡೀ ಉಲ್ಲೇಖವಾಗುವ ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ತೀರ್ಪು ನಮ್ಮ ಮೈಸೂರು ಸೀಮೆಯಿಂದಲೇ ಹೋದದ್ದು, 1959ರ ವರದಿಗಳಲ್ಲಿದೆ.

ಕೊನೆಗೆ, ಕೋರ್ಟ್ ಇಲ್ಲಿ ನೋಡುವುದು ಉಯಿಲು ಅಸಲಿಯೇ, ಸರಿಯಾಗಿ ಬರೆಯಲಾಗಿದೆಯೇ ಅನ್ನುವುದನ್ನು ಮಾತ್ರ. ಬರೆದವರಿಗೆ ಆ ಆಸ್ತಿ ಕೊಡುವ ಹಕ್ಕಿತ್ತೇ ಅನ್ನುವುದನ್ನು ನೋಡುವುದಿಲ್ಲ. ನಿಮ್ಮ ಜಮೀನಿನ ತೊಡಕು ಅಲ್ಲೇ ಇದೆ.

---

ಮಂಡ್ಯದ ಮುನ್ಷಿ:

ಜಮೀನಿನ ಮಾತು ನಾನು ಹೇಳುತ್ತೇನೆ. ಪಹಣಿ ಒಬ್ಬರ ಹೆಸರಿನಲ್ಲಿದೆ ಅಂದ ಮಾತ್ರಕ್ಕೆ ಪೂರ್ತಿ ಅವರದ್ದಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ಪಿತ್ರಾರ್ಜಿತ ಜಮೀನು ಅವರ ಮತ್ತು ಅವರ ಮಕ್ಕಳ ನಡುವೆ ಪಿತ್ರಾರ್ಜಿತವಾಗಿಯೇ ಉಳಿಯುತ್ತದೆ. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ, ಅದನ್ನು ವಿವರಿಸಿದ 2020ರ ವಿನೀತಾ ಶರ್ಮಾ ತೀರ್ಪು ಆದ ಮೇಲೆ ಮಗಳೂ ಮಗನಷ್ಟೇ ಹುಟ್ಟಿನಿಂದ ಪಾಲುದಾರಳು. ಮದುವೆಯಾಗಿದ್ದಾಳೆ, ಅಮೆರಿಕದಲ್ಲಿದ್ದಾಳೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

2 ಎಕರೆ 10 ಗುಂಟೆ ಅಂದರೆ 90 ಗುಂಟೆ. ತಂದೆ, ಮಗ, ಮಗಳು ಮೂವರು ಪಾಲುದಾರರು, ತಲಾ 30. ಉಯಿಲಿನಲ್ಲಿ ತಂದೆ ಕೊಡಬಹುದಾದದ್ದು ತಮ್ಮ 30 ಗುಂಟೆ ಮಾತ್ರ. ಉಯಿಲು ನಿಂತರೆ ಮಗನಿಗೆ 60, ಮಗಳಿಗೆ 30. ಉಯಿಲು ಬಿದ್ದರೆ ಆ 30 ಗುಂಟೆ ಹೆಂಡತಿ, ಮಗ, ಮಗಳಿಗೆ ತಲಾ 10. ಆಗ ತಾಯಿಗೆ 10, ಮಗನಿಗೆ 40, ಮಗಳಿಗೆ 40. ಎರಡೂ ಲೆಕ್ಕದಲ್ಲಿ ಮಗಳ ಕೈಯಲ್ಲಿ ಜಮೀನು ಇದ್ದೇ ಇದೆ. "ಜಮೀನು ಪೂರ್ತಿ ಮಗನಿಗೆ" ಅನ್ನುವ ಸಾಲನ್ನು ಹಿಡಿದುಕೊಂಡು ಪಹಣಿ ಮಾಡಿಸಲು ಹೋದರೆ ಅಲ್ಲಿಂದಲೇ ಜಗಳ ಶುರು.

ಕಚೇರಿಯ ಕ್ರಮ ಹೀಗೆ. ಮರಣ ಪತ್ರ ಹಿಡಿದು ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಅಕ್ಕಪಕ್ಕದವರ ಹೇಳಿಕೆ ಪಡೆದು ಮಹಜರು ಬರೆಯುತ್ತಾರೆ, ಕಂದಾಯ ನಿರೀಕ್ಷಕರಿಂದ ಮುಂದಕ್ಕೆ ಹೋಗುತ್ತದೆ. ಇಲ್ಲಿ ನಡೆಯುವ ದೊಡ್ಡ ತಪ್ಪು ಒಂದೇ: ಹೆಣ್ಣುಮಕ್ಕಳ ಹೆಸರು ಬಿಡುವುದು. "ಅವರಿಗೆ ಏನೂ ಬೇಡವಂತೆ" ಅಂತ ಬಾಯಿಮಾತಿನಲ್ಲಿ ಕೈಬಿಡುತ್ತಾರೆ. ಮುಂದೆ ಒಂದು ತಕರಾರು ಅರ್ಜಿ ಬಿದ್ದರೆ ವಂಶವೃಕ್ಷವೂ ಹೋಯಿತು, ಅದರ ಮೇಲೆ ನಿಂತ ಖಾತೆಯೂ ಹೋಯಿತು, ಸುಳ್ಳು ಪ್ರಮಾಣಪತ್ರದ ತಲೆನೋವು ಬೇರೆ. ತೀರಿಕೊಂಡ ಮಕ್ಕಳಿದ್ದರೆ ಅವರ ಕವಲೂ ಬರಬೇಕು.

ಆಮೇಲೆ ಪೌತಿ ಖಾತೆ ಅರ್ಜಿ, ಅಂದರೆ ಕಂದಾಯ ದಾಖಲೆಯನ್ನು ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವುದು. ಭೂಕಂದಾಯ ಕಾಯಿದೆಯ 128ನೇ ಕಲಂನಲ್ಲಿ ಮೂರು ತಿಂಗಳೊಳಗೆ ತಿಳಿಸಿ ಅಂತಿದೆ. ನಾಲ್ಕಾಯಿತು ಅಂತ ಅರ್ಜಿ ಎಸೆಯುವುದಿಲ್ಲ, ಆದರೂ ಇನ್ನು ತಡ ಮಾಡಬೇಡಿ. ಭೂಮಿ ತಂತ್ರಾಂಶದಲ್ಲಿ ಮ್ಯುಟೇಷನ್ (ಹೆಸರು ಬದಲಾವಣೆ) ನೋಟಿಸು ಹೊರಡುತ್ತದೆ, ತಕರಾರಿಗೆ ಕಾಲಾವಕಾಶ, ಯಾರೂ ಬಾರದಿದ್ದರೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರಿನ ನಮೂದು) ಆಗಿ ಪಹಣಿಯಲ್ಲಿ ಮೂವರ ಹೆಸರು ಜಂಟಿಯಾಗಿ ಬರುತ್ತದೆ. ತಕರಾರು ಬಂದರೆ ತಹಶೀಲ್ದಾರರ ಮುಂದೆ, ಅಲ್ಲಿಂದ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಮೇಲ್ಮನವಿ, ಆಮೇಲೆ ಜಿಲ್ಲಾಧಿಕಾರಿ. ಉಯಿಲಿನ ಆಧಾರದಲ್ಲಿ ಒಬ್ಬರ ಹೆಸರಿಗೇ ಕೇಳಿದರೆ, ಒಂದೇ ಒಂದು ತಕರಾರು ಸಾಕು, "ಸಿವಿಲ್ ಕೋರ್ಟಿಗೆ ಹೋಗಿ" ಅನ್ನುತ್ತಾರೆ. ಅವರದು ತಪ್ಪೂ ಅಲ್ಲ. ಉಯಿಲು ಅಸಲಿಯೋ ಅಲ್ಲವೋ ತೀರ್ಮಾನಿಸುವುದು ಕಂದಾಯ ಕಚೇರಿಯ ಕೆಲಸವಲ್ಲ.

ಆದ್ದರಿಂದ ಜಂಟಿ ಪೌತಿ ಮೊದಲು, ಆಮೇಲೆ ನೋಂದಾಯಿತ ಪಾಲುಪಟ್ಟಿ ಅಥವಾ ಹಕ್ಕು ಬಿಡುಗಡೆ. ಸರ್ವೆ ನಂಬರಿನ ಒಂದು ತುಂಡನ್ನು ಬೇರೆ ಮಾಡುವುದಾದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು, ಸರ್ವೇಯರ್ ಅಳತೆಯ ಸರದಿ ಬರಲು ಸಮಯ ಹಿಡಿಯುತ್ತದೆ, ಅರ್ಜಿ ಬೇಗ ಹಾಕಿಡಿ. ಪೂರ್ತಿ ನಂಬರೇ ಒಬ್ಬರಿಗೆ ಹೋಗುವುದಾದರೆ ಆ ಕಾಟ ಇಲ್ಲ.

ಪಹಣಿ, ಖಾತೆ ಎರಡೂ ಕಂದಾಯ ಯಾರು ಕಟ್ಟಬೇಕು ಅನ್ನುವ ಲೆಕ್ಕದ ಪುಸ್ತಕ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಎಷ್ಟು ಸಲ ಹೇಳಿದರೂ ಊರಲ್ಲಿ ಇದನ್ನು ಒಪ್ಪುವವರು ಕಡಿಮೆ.

---

ಕೃಷ್ಣೆಯ ದಂಡೆ:

ಮುನ್ಷಿಯವರ ಲೆಕ್ಕ ಮದ್ದೂರಿಗೆ ಸರಿ. ನಮ್ಮ ಕಡೆಯವರು ಅದನ್ನೇ ನಕಲು ಮಾಡಬೇಡಿ. ಹಳೇ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಯಲ್ಲಿ ಗಂಡ ಮತ್ತು ಮಕ್ಕಳ ನಡುವೆ ವಿಭಾಗ ಆಗುವಾಗ ಹೆಂಡತಿಗೂ ಒಂದು ಪಾಲು ಎಣಿಸುವ ಪದ್ಧತಿ ಇದೆ. 1978ರ ಗುರುಪಾದ ಮಗ್ದುಂ ತೀರ್ಪು ನಿಂತಿರುವುದು ಇದರ ಮೇಲೆ. ಇದೇ 90 ಗುಂಟೆಯನ್ನು ಹಾಗೆ ನಾಲ್ಕು ಮಾಡಿದರೆ ತಲಾ 22½. ಉಯಿಲಿಲ್ಲದಿದ್ದರೆ ತಂದೆಯ 22½ ಮತ್ತೆ ಮೂರು ಭಾಗ, ತಲಾ 7½. ಕೊನೆಗೆ ತಾಯಿ, ಮಗ, ಮಗಳು ಮೂವರಿಗೂ 30 ಗುಂಟೆ. ತಾಯಿಯ ಪಾಲು 10ರಿಂದ 30ಕ್ಕೆ ಹೋಯಿತು ನೋಡಿ.

---

ಕೌಂಟರ್ ನಂಬರ್ 4:

ಠೇವಣಿಗೆ ಬರೋಣ. 6 ಲಕ್ಷದ್ದು ಸುಲಭ: ನಾಮಿನಿ ಕ್ಲೈಮ್ ಫಾರಂ, ಮರಣ ಪತ್ರ, ನಾಮಿನಿಯ ಗುರುತಿನ ದಾಖಲೆ. ನಾಮಿನಿ ಇರುವಾಗ ಸಕ್ಸೆಷನ್ ಸರ್ಟಿಫಿಕೇಟ್ (ಕೋರ್ಟು ಕೊಡುವ ವಾರಸುದಾರಿಕೆ ಪತ್ರ), ಪ್ರೊಬೇಟ್ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ 2005ರಿಂದ ಹೇಳುತ್ತಲೇ ಇದೆ. ಅವಧಿಗೆ ಮುನ್ನ ಮುರಿದರೂ ಸಾವಿನ ಕಾರಣಕ್ಕೆ ದಂಡಬಡ್ಡಿ ಹಾಕುವಂತಿಲ್ಲ.

ಆದರೆ ನಾಮಿನಿ ಅಂದರೆ ಹಣ ಪಡೆದುಕೊಳ್ಳುವ ಕೈ ಅಷ್ಟೇ. ಉಯಿಲಿನ ಪ್ರಕಾರ ಆ 6 ಲಕ್ಷ ಮಗಳದ್ದು. ತಾಯಿ ಪಡೆದು ಮಗಳಿಗೆ ದಾಟಿಸಬೇಕು. ಎಲ್‌ಐಸಿ ವಿಷಯದಲ್ಲಿ 1984ರ ಸರ್ಬತಿ ದೇವಿ ತೀರ್ಪು, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರಿನ ಶಕ್ತಿ ಯೆಜ್ದಾನಿ ತೀರ್ಪು, ಎರಡೂ ಹೇಳುವುದು ಇದನ್ನೇ.

ನಾಮಿನಿ ಇಲ್ಲದ 11 ಲಕ್ಷಕ್ಕೆ ಈಗ ಸುಲಭ ದಾರಿ ಇದೆ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊಸ ನಿರ್ದೇಶನ ಹೊರಡಿಸಿತು. ಬ್ಯಾಂಕುಗಳು 2026ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕಿತ್ತು. ವಾಣಿಜ್ಯ ಬ್ಯಾಂಕಿನಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ತಕರಾರಿಲ್ಲದಿದ್ದರೆ, ಕೋರ್ಟ್ ಕಾಗದ ಕೇಳದೆ ಸರಳ ಕ್ರಮದಲ್ಲಿ ಇತ್ಯರ್ಥ ಮಾಡಬೇಕು. ಕ್ಲೈಮ್ ಫಾರಂ, ಮರಣ ಪತ್ರ, ಇಂಡೆಮ್ನಿಟಿ ಬಾಂಡ್ (ಮುಂದೆ ಬ್ಯಾಂಕಿಗೆ ನಷ್ಟವಾದರೆ ತುಂಬಿಕೊಡುವ ಮುಚ್ಚಳಿಕೆ), ವಾರಸುದಾರರ ಪ್ರಮಾಣಪತ್ರ, ಹಣ ಪಡೆಯದ ವಾರಸುದಾರರ ಒಪ್ಪಿಗೆ ಪತ್ರ ಇಷ್ಟು. ನಿಮ್ಮಲ್ಲಿ ತಾಯಿ ಮತ್ತು ಮಗ "ನಮ್ಮ ಅಭ್ಯಂತರ ಇಲ್ಲ, ಮಗಳಿಗೆ ಕೊಡಿ" ಅಂತ ಸಹಿ ಹಾಕಿದರೆ ಉಯಿಲಿನ ಆಶಯವೂ ನೆರವೇರಿತು, ಬ್ಯಾಂಕಿಗೂ ಸಮಾಧಾನ. ದಾಖಲೆ ಪೂರ್ತಿಯಾದ ದಿನದಿಂದ 15 ದಿನ ಗಡುವು. ಬ್ಯಾಂಕಿನ ತಪ್ಪಿನಿಂದ ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೇಲೆ ಶೇಕಡಾ 4 ಸೇರಿಸಿ ಬಡ್ಡಿ ಕೊಡಬೇಕು. ಹಾಗಾಗಿ ದಾಖಲೆ ಕೊಟ್ಟ ದಿನಾಂಕದ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಅದಿಲ್ಲದಿದ್ದರೆ 15 ದಿನ ಎಂದಿನಿಂದ ಎಣಿಸುತ್ತೀರಿ?

ಪತ್ತಿನ ಸಹಕಾರ ಸಂಘ ಬೇರೆ ಕಥೆ. ಅದು ಬ್ಯಾಂಕ್ ಅಲ್ಲ, ರಿಸರ್ವ್ ಬ್ಯಾಂಕಿನ ಈ ನಿರ್ದೇಶನ ಅದಕ್ಕೆ ತಾಗುವುದಿಲ್ಲ. ಸಹಕಾರ ಸಂಘಗಳ ಕಾಯಿದೆ ಮತ್ತು ಅವರ ಉಪವಿಧಿಗಳ ಪ್ರಕಾರ ನಡೆಯುತ್ತದೆ. ಉಪವಿಧಿಯ ಪ್ರತಿ ಕೇಳಿ ಪಡೆಯಿರಿ. ಹೆಚ್ಚಿನ ಕಡೆ ಆಡಳಿತ ಮಂಡಳಿ ಸಭೆಯ ನಿರ್ಣಯ ಆಗಬೇಕು ಅನ್ನುತ್ತಾರೆ. ಸಭೆ ಯಾವಾಗ ಅಂತ ವಿಚಾರಿಸಿಕೊಂಡು ಅರ್ಜಿ ಕೊಡಿ.

ಸಕ್ಸೆಷನ್ ಸರ್ಟಿಫಿಕೇಟ್ ಹಾಕಲೇಬೇಕಾಗಿ ಬಂದರೆ ಎರಡು ಮಾತು. ಅದು ಠೇವಣಿ, ಷೇರು, ಬರಬೇಕಾದ ಸಾಲದಂಥವಕ್ಕೆ ಮಾತ್ರ. ಮನೆ ಜಮೀನು ಅದರಲ್ಲಿ ಬರುವುದಿಲ್ಲ. ಮತ್ತು ಅರ್ಜಿಯ ಷೆಡ್ಯೂಲಿನಲ್ಲಿ ಬರೆದದ್ದಕ್ಕಷ್ಟೇ ಅದು ನಡೆಯುತ್ತದೆ. ಮರೆತ ಒಂದು ಖಾತೆ ಆಮೇಲೆ ಸಿಕ್ಕಿದರೆ 1925ರ ಉತ್ತರಾಧಿಕಾರ ಕಾಯಿದೆಯ 376ನೇ ಕಲಂ ಕೆಳಗೆ ವಿಸ್ತರಣೆಗೆ ಮತ್ತೆ ಕೋರ್ಟು ಹತ್ತಬೇಕು. ಹಾಗಾಗಿ ಮೊದಲು ಹುಡುಕಿ: ಹಳೇ ಪಾಸ್‌ಬುಕ್ಕು, ಆದಾಯ ತೆರಿಗೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣುವ ಬಡ್ಡಿ, ಡಿವಿಡೆಂಡ್ ಸಾಲುಗಳು, ಹತ್ತು ವರ್ಷ ಕದಲದ ಖಾತೆಗಳಿಗೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್.

ಇನ್ನು ಎಟಿಎಂ ಕಾರ್ಡ್ ಯಾರ ಹತ್ತಿರ ಇದ್ದರೂ ಮುಟ್ಟಬೇಡಿ. ಸಾವಿನ ನಂತರದ ದಿನಾಂಕದ ವಿತ್‌ಡ್ರಾವಲ್ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಶಾಶ್ವತವಾಗಿ ಕೂತಿರುತ್ತದೆ. ಅವರು ಬದುಕಿದ್ದಾಗ ಯಾರಿಗಾದರೂ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಕೊಟ್ಟಿದ್ದರೆ ಅದೂ ಅವರ ಜತೆಗೇ ಮುಗಿಯಿತು.

---

ಕಾವೇರಿತೀರ:

ಎಲ್ಲರಿಗೂ ಧನ್ಯವಾದ. 90 ಗುಂಟೆಯ ಲೆಕ್ಕ ತೋರಿಸಿದ ಮೇಲೆ ಮಗಳು ತನ್ನ 30 ಗುಂಟೆಯನ್ನು ಅಣ್ಣನಿಗೆ ಬಿಟ್ಟುಕೊಡಲು ಸಿದ್ಧ, ಹಣ ಬೇಡ ಅಂದಿದ್ದಾರೆ. ಆದರೆ ಈ ವರ್ಷ ಊರಿಗೆ ಬರಲಾಗುವುದಿಲ್ಲ. 200 ರೂಪಾಯಿ ಬಾಂಡ್ ಪೇಪರಿನಲ್ಲಿ ಬರೆದು ಅಲ್ಲಿಯ ನೋಟರಿ ಹತ್ತಿರ ಸಹಿ ಮಾಡಿಸಿ ಕಳಿಸಿದರೆ ಸಾಕೇ? ಮನೆಯ ಖಾತೆ ಯಾರ ಹೆಸರಿಗೆ? ತೀರಿಕೊಂಡವರಿಗೆ ಒಂದು ವೈಯಕ್ತಿಕ ಸಾಲವೂ ಇದೆ, ಸುಮಾರು 2 ಲಕ್ಷ ಬಾಕಿ. ಅದನ್ನು ಯಾರು ಕಟ್ಟಬೇಕು?

---

ಹಳೇಫೈಲು:

ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿಯಾಗದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ, ಅದು 200ರ ಬಾಂಡಾಗಲಿ 500ರದ್ದಾಗಲಿ. ಕರ್ನಾಟಕದ ಅರ್ಧದಷ್ಟು ಪಾಲಿನ ದಾವೆಗಳಲ್ಲಿ ಇಂಥ ಒಂದು ಕಾಗದ ಸಿಕ್ಕೇ ಸಿಗುತ್ತದೆ ಅಂತ ನನ್ನ ಅಂದಾಜು.

ಮಗಳು ಬಾರದೆ ಮಾಡುವ ದಾರಿ: ಇಲ್ಲಿರುವ ನಂಬಿಕಸ್ಥರೊಬ್ಬರಿಗೆ ವಿಶೇಷ ಅಧಿಕಾರ ಪತ್ರ. ಅದರಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ, "ನನ್ನ ಪಾಲನ್ನು ಇಂಥವರ ಹೆಸರಿಗೆ ಪ್ರತಿಫಲವಿಲ್ಲದೆ ಬಿಡುಗಡೆ ಮಾಡಲು, ನೋಂದಣಿಗೆ ಹಾಜರಾಗಲು" ಅನ್ನುವ ಮಾತು ಸ್ಪಷ್ಟವಾಗಿರಲಿ. "ಆಸ್ತಿ ನೋಡಿಕೊಳ್ಳಲು" ಅನ್ನುವ ಸಾಮಾನ್ಯ ಒಕ್ಕಣೆಯ ಜಿಪಿಎ ಒಯ್ದರೆ ಸಬ್‌ರಿಜಿಸ್ಟ್ರಾರ್ ವಾಪಸ್ ಕಳಿಸುತ್ತಾರೆ. ಬಿಡುಗಡೆ ಪಡೆಯುವ ಅಣ್ಣನೇ ಏಜೆಂಟ್ ಆಗದಿರಲಿ. ಎರಡೂ ಕಡೆ ಒಬ್ಬನೇ ಸಹಿ ಹಾಕಿದ ಹಾಗೆ ಕಾಣುತ್ತದೆ. ತಾಯಿಯೋ ಸೋದರಮಾವನೋ ಆಗಲಿ.

ಆ ಪತ್ರಕ್ಕೆ ಅವರು ಭಾರತೀಯ ದೂತಾವಾಸದಲ್ಲಿ ದೃಢೀಕರಣ ಮಾಡಿಸಬಹುದು, ಇಲ್ಲವೇ ಅಲ್ಲಿಯ ನೋಟರಿ ಮುಂದೆ ಸಹಿ ಮಾಡಿ ಆ ರಾಜ್ಯದಿಂದ ಅಪೊಸ್ಟಿಲ್ (ಹೊರದೇಶದಲ್ಲೂ ಒಪ್ಪುವ ಸರ್ಕಾರಿ ದೃಢೀಕರಣ) ಹಾಕಿಸಬಹುದು. ಮೂಲ ಪ್ರತಿ ಕೊರಿಯರಿನಲ್ಲಿ ಬಂದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು, ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ. ಕೊರಿಯರ್ ಕವರನ್ನು ಎಸೆಯಬೇಡಿ, ಬಂದ ದಿನಾಂಕಕ್ಕೆ ಅದೇ ಸಾಕ್ಷಿ. ಕುಟುಂಬದೊಳಗಿನ ಬಿಡುಗಡೆ ಪತ್ರಕ್ಕೆ ಶುಲ್ಕ ಹೊರಗಿನವರಿಗೆ ಮಾರುವಷ್ಟು ಬರುವುದಿಲ್ಲ. ಸರಿಯಾದ ಮೊತ್ತವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹಾಕಿ ನೋಡಿ. ಹಣ ಪಡೆಯದೆ ಒಡಹುಟ್ಟಿದವರಿಗೆ ಬಿಟ್ಟುಕೊಟ್ಟರೆ ಪಡೆದವರಿಗೆ ಆದಾಯ ತೆರಿಗೆ ಇಲ್ಲ. ಹಣ ಪಡೆದು ಬಿಟ್ಟರೆ ಅದು ವರ್ಗಾವಣೆ, ಲೆಕ್ಕ ಬೇರೆ.

ಮನೆಯ ವಿಷಯ. ಸ್ವಯಾರ್ಜಿತ, ಹಾಗಾಗಿ ಉಯಿಲು ಪೂರ್ತಿ ನಡೆಯುತ್ತದೆ. ಉಯಿಲಿಲ್ಲದಿದ್ದರೆ ಮೂವರಿಗೂ ಮೂರನೇ ಒಂದು ಪಾಲು. ಪಾಲಿಕೆ ಕೇಳುತ್ತಿರುವ ಒಪ್ಪಿಗೆ ಪತ್ರವನ್ನು ಮಗಳಿಂದ ಈಗಲೇ ಪಡೆದರೆ ಕೋರ್ಟಿನ ಆದೇಶಕ್ಕೆ ಕಾಯದೆ ಖಾತೆ ಆಗಬಹುದು. ತಾಯಿಯ ಹೆಸರಿಗೆ ಮಾಡಿಸಿ, ಉಯಿಲಿನ ಉಲ್ಲೇಖ ಆದೇಶದಲ್ಲಿರಲಿ. ಇ-ಖಾತೆಯನ್ನೂ ಜತೆಗೇ ಮಾಡಿಸಿ, ಮುಂದೆ ಯಾವ ನೋಂದಣಿಗೂ ಅದು ಬೇಕು. "ಬದುಕಿರುವವರೆಗೆ" ಅನ್ನುವ ಸಾಲು ಸೂಕ್ಷ್ಮ. ಹಿಂದೂ ಉತ್ತರಾಧಿಕಾರ ಕಾಯಿದೆ 14(2)ರ ಪ್ರಕಾರ ತಾಯಿಗೆ ಅನುಭವಿಸುವ ಹಕ್ಕು ಮಾತ್ರ, ಮಾರುವ ಹಕ್ಕಿಲ್ಲ. ಆದರೆ ಅದನ್ನು ಆಕೆಯ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟದ್ದು ಅಂತ ತೋರಿಸಿದರೆ 14(1)ರಲ್ಲಿ ಪೂರ್ಣ ಹಕ್ಕಾಗುತ್ತದೆ ಅನ್ನುವ ವಾದಕ್ಕೆ 1977ರ ತುಳಸಮ್ಮ ತೀರ್ಪಿನ ಬಲ ಇದೆ. ಈ ಎಳೆದಾಟದಿಂದಾಗಿ, ತಾಯಿ ಇರುವಾಗಲೇ ಮಾರುವ ಸಂದರ್ಭ ಬಂದರೆ ಕೊಳ್ಳುವವರ ವಕೀಲರು ತಾಯಿ, ಮಗ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಕೇಳದಿದ್ದರೆ ಆ ವಕೀಲರ ಬಗ್ಗೆ ಯೋಚಿಸಬೇಕು.

ಸಾಲ: ವಾರಸುದಾರರು ತಮ್ಮ ಜೇಬಿನಿಂದ ಕಟ್ಟಬೇಕಿಲ್ಲ, ತೀರಿಕೊಂಡವರು ಬಿಟ್ಟುಹೋದ ಆಸ್ತಿಯಿಂದ ಕಟ್ಟಬೇಕು. ತಂದೆಯ ಸಾಲ ಮಗನ ಧರ್ಮ ಅನ್ನುವ ಹಳೇ ನಿಯಮವನ್ನು 2005ರ ತಿದ್ದುಪಡಿ ಅಲ್ಲಿಂದಾಚೆಯ ಸಾಲಗಳ ಮಟ್ಟಿಗೆ ತೆಗೆದುಹಾಕಿತು. ಆಡಳಿತ ಪತ್ರ ಪಡೆದರೆ ಖರ್ಚಿನ ಕ್ರಮ 1925ರ ಕಾಯಿದೆಯಲ್ಲೇ ಇದೆ: ಮೊದಲು ಅಂತ್ಯಕ್ರಿಯೆ ಮತ್ತು ಕೊನೆಯ ಕಾಯಿಲೆಯ ವೆಚ್ಚ, ಆಮೇಲೆ ಕೋರ್ಟಿನ ಖರ್ಚು, ಆಮೇಲೆ ಸಾವಿಗೆ ಹಿಂದಿನ ಮೂರು ತಿಂಗಳಲ್ಲಿ ದುಡಿದ ಕೆಲಸದವರ ಕೂಲಿ, ಆಮೇಲೆ ಉಳಿದ ಸಾಲಗಳು, ಎಲ್ಲ ತೀರಿದ ಮೇಲೆ ಉಯಿಲಿನ ಹಂಚಿಕೆ. ಠೇವಣಿ ಪೂರ್ತಿ ಮಗಳಿಗೆ ಕಳಿಸಿಬಿಟ್ಟು ಆಮೇಲೆ ಬ್ಯಾಂಕಿನ ನೋಟಿಸು ಬಂದರೆ ಪೇಚಾಟ. ಆ 2 ಲಕ್ಷ ತೀರಿಸಿ ಬಾಕಿ ಇಲ್ಲದ ಪತ್ರ ಪಡೆದ ಮೇಲೆ ಹಂಚಿ. ಅದಕ್ಕೂ ಮೊದಲು ಸಾಲಕ್ಕೆ ವಿಮೆ ಜೋಡಿಸಿತ್ತೇ ಅಂತ ಸಾಲದ ಕಾಗದ ತೆಗೆದು ನೋಡಿ, ಎಷ್ಟೋ ಸಲ ಕಂತಿನ ಜತೆ ಪ್ರೀಮಿಯಂ ಕಟ್ಟಿಸಿಕೊಂಡಿರುತ್ತಾರೆ, ಮನೆಯವರಿಗೆ ಗೊತ್ತಿರುವುದಿಲ್ಲ. ಆಡಳಿತ ಪತ್ರ ಸಿಕ್ಕ ಆರು ತಿಂಗಳಲ್ಲಿ ಆಸ್ತಿಪಟ್ಟಿಯನ್ನೂ ಒಂದು ವರ್ಷದಲ್ಲಿ ಲೆಕ್ಕಪತ್ರವನ್ನೂ ಕೋರ್ಟಿಗೆ ಸಲ್ಲಿಸಬೇಕು, ಅದೇ ಕಾಯಿದೆಯ 317ನೇ ಕಲಂ. ಬಹಳ ಜನ ಆದೇಶ ಕೈಗೆ ಬಂದ ಕೂಡಲೇ ಇದನ್ನು ಮರೆಯುತ್ತಾರೆ.

---

ಕೌಂಟರ್ ನಂಬರ್ 4:

ಮಗಳಿಗೆ ಹೋಗುವ ಠೇವಣಿ ಹಣ ಅವರ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಇಲ್ಲಿನ ಹಣಕ್ಕೆ ಇಡುವ ಖಾತೆ) ಹಾಕಿಸಿ. ಅಲ್ಲಿಂದ ಹೊರದೇಶಕ್ಕೆ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿಯೊಳಗೆ ಕಳಿಸಬಹುದು. ಬ್ಯಾಂಕ್ ಉಯಿಲಿನ ಪ್ರತಿ, ಚಾರ್ಟರ್ಡ್ ಅಕೌಂಟೆಂಟ್ ಪ್ರಮಾಣಪತ್ರ ಕೇಳುತ್ತದೆ. ವಾರಸಾಗಿ ಬಂದದ್ದಕ್ಕೆ ನಮ್ಮಲ್ಲಿ ತೆರಿಗೆ ಇಲ್ಲ, ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ಆದರೆ ತೀರಿಕೊಂಡವರ ಹೆಸರಿನಲ್ಲಿ ಕೊನೆಯ ರಿಟರ್ನ್ ಬಾಕಿ ಇರುತ್ತದೆ. ಏಪ್ರಿಲ್ 1ರಿಂದ ಸಾವಿನ ದಿನದವರೆಗಿನ ಆದಾಯಕ್ಕೆ, ಮಗ ಕಾನೂನುಬದ್ಧ ವಾರಸುದಾರ ಅಂತ ಇ-ಫೈಲಿಂಗ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡು ಸಲ್ಲಿಸಬೇಕು. ಎಫ್‌ಡಿ ಬಡ್ಡಿಯಲ್ಲಿ ಕಡಿತವಾದ ಟಿಡಿಎಸ್ ವಾಪಸ್ ಬರುವುದಿದ್ದರೆ ಅವರ ಹಳೇ ಖಾತೆಯನ್ನು ಅವಸರದಲ್ಲಿ ಮುಚ್ಚಿಸಬೇಡಿ. ಮುಚ್ಚಿದ್ದರೆ ಮರುಪಾವತಿಗೆ ವಾರಸುದಾರರ ಖಾತೆಯನ್ನು ಪೋರ್ಟಲಿನಲ್ಲಿ ಸೇರಿಸಿ. ಪ್ಯಾನ್ ಹಿಂತಿರುಗಿಸುವುದು ಇವೆಲ್ಲ ಆದ ಮೇಲೆ.

---

ಮಂಡ್ಯದ ಮುನ್ಷಿ:

ಒಂದು ಬಿಟ್ಟುಹೋಗಿತ್ತು. ಮರಣ ಪತ್ರದಲ್ಲಿ, ಪಹಣಿಯಲ್ಲಿ, ಆಧಾರಿನಲ್ಲಿ, ಪಾಲುಪಟ್ಟಿಯಲ್ಲಿ ಅವರ ಹೆಸರು ಒಂದೇ ತರ ಇದೆಯೇ ನೋಡಿ. 1984ರ ಪಾಲುಪಟ್ಟಿಯಲ್ಲಿ "ಪುಟ್ಟಸ್ವಾಮಿ ಬಿನ್ ಲೇಟ್ ಚಿಕ್ಕಣ್ಣ", ಆಧಾರಿನಲ್ಲಿ "ಸಿ. ಪುಟ್ಟಸ್ವಾಮಿಗೌಡ" ಅನ್ನುವ ತರದ್ದು ಹಳ್ಳಿ ಕಡೆ ಸರ್ವೇಸಾಮಾನ್ಯ. ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ಟನ್ನು ಪೌತಿ ಅರ್ಜಿಯ ಜತೆಗೇ ಕೊಡಿ, ನೋಟಿಸಿನ ಅವಧಿ ಮುಗಿದ ಮೇಲೆ ಅರ್ಜಿ ವಾಪಸ್ ಬಂದರೆ ಮತ್ತೆ ಮೊದಲಿಂದ. ಮರಣ ಪತ್ರದಲ್ಲೇ ತಪ್ಪಿದ್ದರೆ ಅದನ್ನು ಜನನ ಮರಣ ನೋಂದಣಿ ಕಚೇರಿಯಲ್ಲಿ ಮೊದಲು ತಿದ್ದಿಸಿ, ಆಮೇಲೆ ಹತ್ತು ಪ್ರತಿ ತೆಗೆಸಿ.